ಅಲೋನ್ ಬೇರೆ, ಲೋನ್ಲಿ ಬೇರೆ, ನಮ್ಮ ಅತ್ತೆ ಬೇರೆ

ಹೋಂಸ್ಟೇ ಬುಕಿಂಗ್ ಆಪ್‌ನ ಅತಿಥಿ ಸಂತೃಪ್ತಿ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಕಡೆಯ ಒಂದು ಸಣ್ಣ ಊರಿನಿಂದ, ಕೊಟ್ಟಿಗೆಯಲ್ಲಿರುವ ಹಸುಗಳನ್ನೂ ಸೇರಿಸಿಕೊಂಡು, ನಮ್ಮ ಮನೆಯವರೆಲ್ಲರ ನಮಸ್ಕಾರಗಳನ್ನು ದಯವಿಟ್ಟು ಸ್ವೀಕರಿಸಬೇಕು. ತಮ್ಮ ಊಟವಾಯಿತೇ ಎಂದು ಕೇಳಲು ಬಾಯಿ ತೆರೆದಿದ್ದೆ. ತಾವು ನಮಗೆ ಕಳಿಸಿದ ತರಬೇತಿ ವಿಡಿಯೋದ ಪ್ರಕಾರ ಅದು ಪರರ ಖಾಸಗಿ ಬದುಕಿಗೆ ಕೈಹಾಕಿದಂತೆ ಎಂಬುದು ನೆನಪಾಗಿ ಮುಚ್ಚಿಕೊಂಡೆ.

ಮೊದಲಿಗೆ, ನಮ್ಮಂಥ ಅಜ್ಞಾನಿಗಳಿಗೆ ಇಂಗ್ಲಿಷ್ ಪದಗಳ ನಡುವಿನ ವ್ಯತ್ಯಾಸವನ್ನು ವಿಡಿಯೋ ಮೂಲಕ ಬೋಧಿಸಿದ ತಮ್ಮ ಔದಾರ್ಯಕ್ಕೆ ಕೃತಜ್ಞತೆ ಹೇಳಬೇಕು. ಹೌಸ್ ಬೇರೆ, ಹೋಮ್ ಬೇರೆ. ಗೆಸ್ಟ್ ಬೇರೆ, ನೆಂಟರು ಬೇರೆ. ಕೇರ್ ಬೇರೆ, ಇಂಟರ್‌ಫಿಯರೆನ್ಸ್ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ ಅಲೋನ್ ಬೇರೆ, ಲೋನ್ಲಿ ಬೇರೆ. ಒಬ್ಬರು ಒಬ್ಬರೇ ಇರುವುದು ಅಲೋನ್, ಒಬ್ಬರೇ ಇದ್ದು ಕೊರಗುವುದು ಲೋನ್ಲಿ ಎಂದು ಟೈ ಕಟ್ಟಿದ ತಮ್ಮ ಮೇಷ್ಟ್ರು ನಗುನಗುತ್ತಾ ವಿವರಿಸಿದಾಗ, ಪಿಯುಸಿಯಲ್ಲಿ ಇಂಗ್ಲಿಷಿಗೆ ಮೊದಲ ದರ್ಜೆ ಪಡೆದ ನನಗೂ ಇಷ್ಟು ದಿನ ಕತ್ತಲಲ್ಲಿದ್ದೆನಲ್ಲಾ ಅನ್ನಿಸಿತು.

ಈ ವಿದ್ಯಾದಾನಕ್ಕೆ ಕಾರಣವಾದ ಘಟನೆ ತಮ್ಮ ಕಡತದಲ್ಲಿದೆ, ಆದರೆ ಈ ಬಹಿರಂಗ ಪತ್ರದ ಓದುಗರಿಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ. ಕಳೆದ ತಿಂಗಳು ತಮ್ಮ ಆಪ್‌ನಿಂದ ಒಬ್ಬ ಹೆಣ್ಣುಮಗಳು ನಮ್ಮ ಹೋಂಸ್ಟೇಗೆ ಬಂದರು. ಮಾರನೆಯ ದಿನ ಬೆಳಗಿನ ತಿಂಡಿಗೆ ಬರಲಿಲ್ಲ, ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಬಾಗಿಲಿಗೆ "ತೊಂದರೆ ಕೊಡಬೇಡಿ" ಎಂಬ ತಮ್ಮ ಆಪ್‌ನದೇ ಫಲಕ ನೇತುಹಾಕಿ ಒಳಗಿದ್ದರು. ನಮ್ಮ ಮನೆಯಲ್ಲಿ ಬಂದವರು ಉಣ್ಣದೆ ಹಿರಿಯರು ಉಣ್ಣುವ ಪದ್ಧತಿಯಿಲ್ಲ. ಹೀಗಾಗಿ ನಮ್ಮ ಅತ್ತೆ ದೊಡ್ಡತಾಯಮ್ಮನವರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಕೊಂಡು, ಖಾಲಿ ಹೊಟ್ಟೆಯಲ್ಲಿ ಆ ಬಾಗಿಲನ್ನೇ ನೋಡುತ್ತಾ ಜಗಲಿಯ ಮೇಲೆ ಕೂತರು. ನಾನು ತಟ್ಟೆ ತಂದಿಟ್ಟರೆ, "ಬಂದೋರು ಉಣ್ಣದೆ ನಾವ್ ಉಂಡ್ರೆ ಆ ಅನ್ನ ಮೈಗತ್ತದಾ? ಮಡಗವ್ವ ಅತ್ಲಾಗೆ" ಎಂದರು. ಹಸಿದದ್ದು ಯಾರು, ತೊಂದರೆಯಾದದ್ದು ಯಾರಿಗೆ ಎಂಬ ಸೂಕ್ಷ್ಮವು ತಮ್ಮ ಪಾಠದಲ್ಲಿ ಬರುವುದಿಲ್ಲ, ಆದ್ದರಿಂದ ಅದನ್ನು ಬಿಟ್ಟುಬಿಡುತ್ತೇನೆ.

ಹೊತ್ತು ಇಳಿಯುವಾಗ ಅತ್ತೆಯವರ ಕೈ ನಡುಗಲು ಶುರುವಾಯಿತು. ಅದೇ ನಡುಗುವ ಕೈಯಲ್ಲಿ ಬಾಗಿಲು ತಟ್ಟಿ, "ಕಂದಾ, ಒಂದ್ ತುತ್ತು ಉಣ್ಕೊಂಡು ಆಮ್ಯಾಕೆ ಮನಿಕವ್ವ" ಎಂದರು. ಬಾಗಿಲು ತೆರೆದ ಹೆಣ್ಣುಮಗಳ ಹಣೆ ಮುಟ್ಟಿ ನೋಡಿ, "ಸದ್ಯ, ಜರ ಇಲ್ಲ ಕಣವ್ವ" ಎಂದು ನನ್ನ ಕಡೆ ತಿರುಗಿ ಹೇಳಿದರು. ಅಷ್ಟಕ್ಕೇ ಬಿಡದೆ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿಯನ್ನೂ ತೆಗೆದು ಒಲೆಗೆ ಹಾಕಿದರು, ಮನೆಯವರೆಲ್ಲ ಕೆಮ್ಮಿದೆವು. ಆ ಅತಿಥಿ ಮರುದಿನವೇ ಹೊರಟುಹೋಗಿ, ಒಂದೇ ಒಂದು ನಕ್ಷತ್ರ ದಯಪಾಲಿಸಿ, ಅಪರಿಚಿತ ಮುದುಕಿಯೊಬ್ಬಳು ತನ್ನ ಏಕಾಂತಕ್ಕೆ ನುಗ್ಗಿ ಮುಖ ಮುಟ್ಟಿದಳೆಂದು ಬರೆದರು. ತಾವು ಆ ಕ್ಷಣವೇ ನಮ್ಮನ್ನು ಆಪ್‌ನಿಂದ ತೆಗೆದುಹಾಕಿ, "ನಮ್ಮ ಅತಿಥಿ ಅಲೋನ್ ಆಗಿದ್ದರೇ ಹೊರತು ಲೋನ್ಲಿ ಆಗಿರಲಿಲ್ಲ" ಎಂದು ತೀರ್ಪಿತ್ತಿರಿ.

ಸೊಸೆಯಾಗಿ ಬಂದಂದಿನಿಂದ ನಾನು ಅತ್ತೆಯವರ ಪರವಾಗಿ ವಕಾಲತ್ತು ವಹಿಸುತ್ತಿರುವುದು ಇದೇ ಮೊದಲು. ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಅವರು. ಅತ್ತೆ ಸೊಸೆಯರನ್ನು ಒಂದು ಮಾಡಿದ ಪುಣ್ಯಕ್ಕೂ ತಾವೇ ಪಾತ್ರರು.

ಇಷ್ಟು ತಿಳಿದ ತಮ್ಮಲ್ಲಿ ಒಂದು ಸಣ್ಣ ಬೇಡಿಕೆ. ಕಾಕನಕೋಟೆ ಕಾಡಿನಿಂದ ಒಂದು ಒಂಟಿ ಸಲಗ ಆಗಾಗ ನಮ್ಮ ಬಾಳೆತೋಟಕ್ಕೆ ದಯಮಾಡಿಸುತ್ತದೆ. ಅದು ಅಲೋನೋ ಲೋನ್ಲಿಯೋ ಎಂದು ತಮ್ಮ ಮೇಷ್ಟ್ರು ಖುದ್ದಾಗಿ ಬಂದು, ಸಾಧ್ಯವಾದರೆ ಹತ್ತಿರ ಹೋಗಿ, ವಿಚಾರಿಸಿ ತಿಳಿಸಬೇಕು. ಅಲೋನ್ ಎಂದಾದರೆ ಪಟಾಕಿ ಹೊಡೆದು ಅದರ ಪ್ರೈವೆಸಿಗೆ ಭಂಗ ತರುವುದಿಲ್ಲ. ಲೋನ್ಲಿ ಎಂದಾದರೆ ತಮ್ಮ ಮೇಷ್ಟ್ರನ್ನೇ ಅದರ ಜೊತೆಗೆ ಬಿಟ್ಟು ಬರುತ್ತೇವೆ.

ಇನ್ನು ತಾವು ವಿಧಿಸಿರುವ ಷರತ್ತಿನ ವಿಚಾರ. ಅತಿಥಿಗಳಿರುವಾಗ ಹಿರಿಯ ಮಹಿಳೆ ಅವರ ಕಣ್ಣಿಗೆ ಬೀಳುವುದಿಲ್ಲವೆಂದು ಒಪ್ಪಿಗೆ ಕೊಟ್ಟರೆ ನಮ್ಮನ್ನು ಮರಳಿ ಸೇರಿಸಿಕೊಳ್ಳುತ್ತೀರಂತೆ. ಆದರೆ ಸ್ವಾಮಿ, ತಮ್ಮ ಜಾಹೀರಾತಿನಲ್ಲಿ ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಾ ಬೊಚ್ಚುಬಾಯಿ ಬಿಟ್ಟು ನಗುತ್ತಿರುವವರು ಇದೇ ದೊಡ್ಡತಾಯಮ್ಮನವರಲ್ಲವೇ? ತಮ್ಮ ಫೋಟೋದವನು ಬಂದು, ಹಳ್ಳಿಯ ಅಜ್ಜಿ ಇದ್ದರೆ ಬುಕಿಂಗ್ ಹೆಚ್ಚು ಎಂದು ಅವರಿಗೆ ಹಳೆಯ ಸೀರೆ ಉಡಿಸಿ ತೆಗೆದದ್ದು ಅದು. ಫೋಟೋದ ಅಜ್ಜಿ ಬೇಕು, ಉಸಿರಾಡುವ ಅಜ್ಜಿ ಬೇಡ. ಅಥೆಂಟಿಕ್ ಮತ್ತು ರಿಯಲ್ ಎಂಬ ಎರಡು ಪದಗಳ ವ್ಯತ್ಯಾಸ ಯಾವ ವಿಡಿಯೋ ಇಲ್ಲದೆಯೇ ನನಗೆ ತಿಳಿಯಿತು.

ತಮ್ಮ ಷರತ್ತನ್ನು ನನ್ನ ಗಂಡ ಕನಕರಾಜು ಅತ್ತೆಯವರಿಗೆ ಕನ್ನಡದಲ್ಲಿ ಓದಿ ಹೇಳಿದರು. ಅವರು ಬೈಯಲಿಲ್ಲ, ಅಳಲೂ ಇಲ್ಲ. ಚಾಪೆ, ದಿಂಬು, ಮಾತ್ರೆಯ ಡಬ್ಬಿ ಹಿಡಿದು ಎದ್ದು, "ನಿಮ್ ಕಸ್ಬು ನಡೀಲಿ ಬುಡ್ಲಾ ಮಗ. ಜನ ಬಂದಾಗ ನಾನು ಬ್ಯಾರನ್ನಲ್ಲಿ ಇರ್ತೀನಿ" ಎಂದು ಹಿತ್ತಲ ಕಡೆ ಹೊರಟರು. ಬ್ಯಾರನ್ ಎಂದರೆ ನಾವು ಹೊಗೆಸೊಪ್ಪು ಬೇಯಿಸುವ, ಕಿಟಕಿಯಿಲ್ಲದ ಗೂಡು. ತಾನೇ ಕಟ್ಟಿಸಿದ ಮನೆಯಿಂದ, ನನ್ನ ವ್ಯಾಪಾರ ಕೆಡಬಾರದೆಂದು, ಒಬ್ಬ ಹೆಂಗಸು ಆ ಗೂಡಿಗೆ ಚಾಪೆ ಹೊತ್ತುಕೊಂಡು ಹೋಗುವುದನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ಓಡಿಹೋಗಿ ಚಾಪೆ ಕಿತ್ತುಕೊಂಡು ಬಂದೆ. ಆ ಗೂಡಿನಲ್ಲಿ ಕೂತಿದ್ದರೆ ಅತ್ತೆಯವರು ಅಲೋನ್ ಆಗುತ್ತಿದ್ದರೋ, ಲೋನ್ಲಿ ಆಗುತ್ತಿದ್ದರೋ ತಾವೇ ಹೇಳಬೇಕು.

ಆದ್ದರಿಂದ ತಮ್ಮ ಷರತ್ತಿಗೆ ನನ್ನ ಒಪ್ಪಿಗೆಯಿಲ್ಲವೆಂದು ವಿನಮ್ರವಾಗಿ ತಿಳಿಸುತ್ತೇನೆ. ಈ ಕಸುಬು ನಾನು ಕೈಯಾರೆ ಸುಣ್ಣ ಬಳಿದು ಶುರು ಮಾಡಿದ್ದು, ಹೋದರೆ ನೋವಾಗುತ್ತದೆ, ಆಗಲಿ. ಹತ್ತಿರದ ಹ್ಯಾಂಡ್‌ಪೋಸ್ಟ್ ಪೇಟೆಯಲ್ಲಿ ಒಂದು ಬೋರ್ಡು ಬರೆಯಲು ಕೊಟ್ಟು ಬಂದಿದ್ದೇನೆ: "ರೂಮು ಸಿಗುತ್ತದೆ. ಊಟಕ್ಕೆ ಬರದವರ ಬಾಗಿಲು ತಟ್ಟಲಾಗುವುದು."

ತಮ್ಮ ಪಟ್ಟಿಯಿಂದ ಹೊರಬಿದ್ದರೂ ತಮ್ಮ ವಿಶ್ವಾಸಿ,
ಬೃಂದಾ ಕನಕರಾಜು

ತಾ.ಕ.: ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಅಂಚೆಗೆ ಹಾಕೋಣವೆಂದು ಆಪ್ ತುಂಬಾ ಹುಡುಕಿದರೂ ತಮ್ಮ ಕಚೇರಿಯ ವಿಳಾಸ ಸಿಗಲಿಲ್ಲ. ಲೋಕಕ್ಕೆಲ್ಲ ಮನೆ ಒದಗಿಸುವ ಕಂಪನಿಗೆ ಒಂದು ಬಾಗಿಲೇ ಇಲ್ಲವೆಂದು ಕೇಳಿ ಅತ್ತೆಯವರಿಗೆ ಬಹಳ ಮರುಕವಾಗಿದೆ: "ಪಾಪ, ಅವ್ರು ಉಂಡ್ರಾ ಅಂತ ಯಾರ್ ಕೇಳೋರು?"