ಭಾವನವರ ಕಾರೂ ಕುರಿಯಮ್ಮನ ರಾಯಭಾರವೂ

ಗೊತ್ತಿಲ್ಲದೆ ಸುಮ್ಮನಿರುವುದು ಸುಲಭ. ಗೊತ್ತಿದ್ದೂ ಸುಮ್ಮನಿರುವುದು ಬಿಸಿ ತುತ್ತು ಬಾಯಲ್ಲಿಟ್ಟುಕೊಂಡಂತೆ. ನುಂಗಲೂ ಆಗದು, ಉಗುಳಲೂ ಆಗದು. ಮಕ್ಕಳೇ, ನಿಮ್ಮಜ್ಜಿ ಅರ್ಧ ಆಯುಸ್ಸನ್ನು ಹಾಗೆಯೇ ಕಳೆದವಳು. ಗಂಡನ ಅಣ್ಣನ ಎದುರು ಮಾತಾಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ, ಹುಟ್ಟಾ ನಾಚಿಕೆಯವಳು. ಮದುವೆಯಾಗಿ ಒಂಬತ್ತು ವರ್ಷ ಭಾವನವರಿಗೆ ಮುದ್ದೆ ಬಡಿಸಿದ್ದೆ. ಇನ್ನೊಂದು ಬೇಕೇ ಎಂದು ಒಂದು ದಿನವೂ ಕೇಳಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದೆ, ಅವರು ಬೇಕು ಬೇಡ ಎಂದು ಗೋಡೆಗೆ ಹೇಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಭಾವನವರು ಮದರಾಸಿನ ಹರಾಜಿನಲ್ಲಿ ಹಳೆಯ ಜಪಾನ್ ಕಾರೊಂದನ್ನು ಹಿಡಿದು ತಂದರು. ವೇಗವಾಗಿ ಓಡುವಾಗ ಅದು ರಾಜನಂತೆ ಓಡುತ್ತಿತ್ತು, ನಿಧಾನ ಮಾಡಿದರೆ ನಡುಗಿ ನಿಂತುಬಿಡುತ್ತಿತ್ತು. ನಂಗಲಿಯಿಂದ ಬಂದ ಲಾರಿ ಮೆಕ್ಯಾನಿಕ್ ಒಬ್ಬ ಇಂಜಿನ್ನಿನ ಪಕ್ಕದ ದುಂಡನೆಯ ಡಬ್ಬಿ ತೋರಿಸಿ, ಇದು ಇ.ಜಿ.ಆರ್. ವಾಲ್ವು, ಸುಟ್ಟ ಹೊಗೆಯನ್ನು ಸ್ವಲ್ಪ ಇಂಜಿನ್ನಿಗೇ ವಾಪಸು ಕಳಿಸುತ್ತದೆ, ಈ ರಬ್ಬರ್ ಪೈಪಿನ ಎಳೆತಕ್ಕೆ ತೆರೆದುಕೊಳ್ಳುತ್ತದೆ, ನಿಧಾನದಲ್ಲಿ ಮುಚ್ಚಿಕೊಂಡಿರಬೇಕು ಎಂದಿದ್ದ. ಲಾರಿಯವನಿಗೆ ಕಾರಿನ ಗುಟ್ಟೇನು ಗೊತ್ತು ಎಂದು ಭಾವನವರು ನಕ್ಕಿದ್ದರು. ಕಾಫಿ ಲೋಟ ಹಿಡಿದು ಬಾಗಿಲ ಹಿಂದೆ ನಿಂತಿದ್ದ ನಾನು ನಗಲಿಲ್ಲ. ಒಲೆ ಊದುವವಳಿಗೆ ಅದು ತಿಳಿಯದ ಮಾತೇ? ದೊಡ್ಡ ಉರಿ ಹೊಗೆಯನ್ನು ತಡೆದುಕೊಳ್ಳುತ್ತದೆ, ಸಣ್ಣ ಉರಿಯ ಮೇಲೆ ಹೊಗೆ ತಿರುಗಿದರೆ ಅದು ನಂದಿಹೋಗುತ್ತದೆ.

ಆ ವರ್ಷ ಮನೆಯವರಿಗೆಲ್ಲ ಜ್ವರ ಬಂದು ರೇಷ್ಮೆಗೂಡು ಬಿಡಿಸುವುದು ತಡವಾಯಿತು. ಇನ್ನೊಂದು ದಿನ ಬಿಟ್ಟರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ. ತೂತಾದ ಗೂಡನ್ನು ಯಾರೂ ಮುಟ್ಟುವುದಿಲ್ಲ. ಈ ಬೆಳೆ ಕೆಟ್ಟರೆ ಹಿಪ್ಪುನೇರಳೆ ಕಿತ್ತು ಟೊಮ್ಯಾಟೊ ಹಾಕಿಸುವುದಾಗಿ ಭಾವನವರು ಆಗಲೇ ಸಾರಿದ್ದರು. ಹುಳದ ಮನೆ ನನ್ನದು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಅಲ್ಲಿ ನಾನು ಹುಳಗಳ ಜೊತೆ ಧಾರಾಳವಾಗಿ ಮಾತಾಡುತ್ತಿದ್ದೆ.

ಬೆಳಿಗ್ಗೆ ಗೂಡು ತುಂಬಿದ ಬಿದಿರಿನ ಮಂಕರಿಗಳನ್ನು ಕಾರಿಗೆ ಹೇರಿ, ಭಾವನವರು, ನಿಮ್ಮಜ್ಜ, ನಾನು ಕೋಲಾರದ ಮಾರುಕಟ್ಟೆಗೆ ಹೊರಟೆವು. ಹತ್ತು ಗಂಟೆಗೆ ಹರಾಜು. ಮುಳಬಾಗಿಲು ದಾಟಿದ ಮೇಲೆ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂತು. ಭಾವನವರು ನಿಧಾನ ಮಾಡಿದರು. ಕಾರು ಸತ್ತಿತು.

ಅಣ್ಣತಮ್ಮಂದಿರು ಬಾನೆಟ್ ಎತ್ತಿ ಪ್ಲಗ್ ಒರೆಸಿದರು, ಪೆಟ್ರೋಲ್ ಪೈಪ್ ಊದಿದರು. ಪ್ರತಿ ಸಲವೂ ಕಾರು ಶುರುವಾಗುತ್ತಿತ್ತು, ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಲ್ಲುತ್ತಿತ್ತು. ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದ ನನ್ನ ಕಣ್ಣು ಆ ದುಂಡು ಡಬ್ಬಿಯ ಮೇಲೇ ಇತ್ತು. ಅದರ ಸಂದಿಯಲ್ಲಿ ಒಂದು ಸಣ್ಣ ಕಡ್ಡಿ. ಇಂಜಿನ್ ಗರ್ಜಿಸಿದರೆ ಚಟ್ಟನೆ ಮೇಲೇರುತ್ತಿತ್ತು, ಇಳಿಯುವಾಗ ಮಾತ್ರ ಮಂಡಿನೋವಿನ ಮುದುಕಿ ಕೂರುವಂತೆ ನಿಧಾನ. ಅಷ್ಟರಲ್ಲಿ ಇಂಜಿನ್ ನಂದಿಹೋಗುತ್ತಿತ್ತು. ಮೂರು ಸಲ ನೋಡಿದೆ. ನಿಮ್ಮಜ್ಜನ ಕಿವಿಯಲ್ಲಿ ಹೇಳಿದೆ.

"ಸುಮ್ನಿರೇ, ಅಣ್ಣ ಮೊದ್ಲೇ ಕೋಪದಲ್ಲವ್ನೆ" ಎಂದರು.

ಬಿಸಿಲು ಏರುತ್ತಿತ್ತು. ಮಂಕರಿಯಲ್ಲಿ ಕೈಯಾಡಿಸಿದರೆ ಒಂದು ಗೂಡಿನ ತುದಿ ಒದ್ದೆಯಾಗಿತ್ತು. ಚಿಟ್ಟೆ ಹೊರಡುವ ಮೊದಲ ಗುರುತು ಅದು. ಕುರಿ ಕಾಯುವ ಮುದುಕಮ್ಮ ಕೋಲೂರಿ ತಮಾಷೆ ನೋಡುತ್ತಿದ್ದಳು. ಅವಳ ಹತ್ತಿರ ಹೋಗಿ ಎಲ್ಲವನ್ನೂ ಪಿಸುಗುಟ್ಟಿದೆ. ಅವಳು ಪಿಸುಗುಟ್ಟುವ ಜಾತಿಯಲ್ಲ, ತೆಲುಗು ಬೆರೆಸಿ ಭಾವನವರಿಗೆ ಕೂಗಿದಳು.

"ಏಮ್ ನಾಯನಾ, ನಿನ್ನ ತಮ್ಮನ ಹೆಂಡ್ತಿಗೆ ನಿನ್ನ ಕಾರಿನ ಕಾಯಿಲೆ ಗೊತ್ತಂತೆ. ಕೇಳ್ತೀಯೋ, ಇಲ್ಲ ನನ್ನ ಟಗರು ಏರ್ಕೊಂಡು ಕೋಲಾರಕ್ಕೆ ಹೋಗ್ತೀಯೋ?"

ಭಾವನವರು ತಲೆ ಎತ್ತದೆ, "ಏನಂತೆ ಕೇಳಮ್ಮ" ಎಂದರು. ಮೂರು ಮಾರು ದೂರದಲ್ಲಿದ್ದ ನಾನು ಮುದುಕಮ್ಮನಿಗೆ ಹೇಳುವುದು, ಅವಳು ಅವರಿಗೆ ಕೂಗುವುದು, ಅವರ ಪ್ರಶ್ನೆ ಅದೇ ದಾರಿಯಲ್ಲಿ ನನಗೆ ವಾಪಸು ಬರುವುದು. ಡಬ್ಬಿ ಯಾವುದೆಂಬಲ್ಲಿಗೆ ಬರುವಷ್ಟರಲ್ಲಿ ಕುರಿಗಳು ಯಾರದೋ ಹುರುಳಿ ಹೊಲಕ್ಕೆ ನುಗ್ಗಿದವು. ನನ್ನ ರಾಯಭಾರಿ ಬೈಯುತ್ತಾ ಓಡಿಹೋದಳು.

ಭಾವನವರು ಸ್ವಲ್ಪ ಹೊತ್ತು ಕಾದರು. ಆಮೇಲೆ ನಿಟ್ಟುಸಿರಿಟ್ಟು ಸ್ಪ್ಯಾನರನ್ನು ಕಾರ್ಬುರೇಟರಿಗೆ ಹಾಕಿದರು. ಅದನ್ನು ರಸ್ತೆಯಲ್ಲಿ ಬಿಚ್ಚಿದರೆ ಆ ದಿನ ಜೋಡಿಸುವ ಮಾತಿಲ್ಲ. ಒಂದು ತಿರುಪು ಸಡಿಲವಾಯಿತು. ನಿಮ್ಮಜ್ಜ ಆಕಾಶ ನೋಡುತ್ತಿದ್ದರು.

"ಭಾವ, ಅದು ಬಿಚ್ಬೇಡಿ. ಈ ಡಬ್ಬೀದು ರಬ್ಬರ್ ಪೈಪ್ ಕಿತ್ತು ಕಟ್ಬಿಡಿ. ಆಗ ಕಡ್ಡಿ ಮೇಲಕ್ಕೇ ಏಳಲ್ಲ."

ದನಿ ಯಾರದೆಂದು ಮೂವರೂ ಹುಡುಕಿದೆವು; ನಾನೂ ಹುಡುಕಿದೆ. ಭಾವನವರ ಕೈ ಗಾಳಿಯಲ್ಲೇ ನಿಂತಿತು. ನಾನು ಮಂಕರಿಯ ದಾರ ಬಿಚ್ಚಿ ನೆಲದ ಮೇಲಿಟ್ಟೆ. ಅವರು ತಿರುಪನ್ನು ಮತ್ತೆ ಬಿಗಿದು, ದಾರ ತೆಗೆದುಕೊಂಡು, ಪೈಪನ್ನು ಕಿತ್ತು ಮಡಿಸಿ ಬಿಗಿಯಾಗಿ ಕಟ್ಟಿದರು. ಕಾರು ಶುರುವಾಯಿತು. ಆಕ್ಸಿಲರೇಟರ್ ಬಿಟ್ಟರು. ಅದು ಬೆಕ್ಕಿನಂತೆ ಗುರುಗುಟ್ಟುತ್ತಾ ಹಾಗೆಯೇ ಇತ್ತು.

ಹರಾಜು ಮುಗಿಯುವ ಹೊತ್ತಿಗೆ ತಲುಪಿದೆವು. ಐದಾರು ಗೂಡು ಬಿಟ್ಟರೆ ಎಲ್ಲವೂ ಮಾರಾಟವಾದವು. ಖಾಲಿ ಮಂಕರಿಗಳನ್ನು ಕಾರಿಗೆ ಹಾಕುತ್ತಿದ್ದಾಗ ಭಾವನವರು ನನ್ನ ಕಡೆ ನೇರವಾಗಿ ತಿರುಗಿದರು.

"ಮುಂದಿನ ಬೆಳೆಗೆ ಎಷ್ಟು ಹುಳದ ಮೊಟ್ಟೆ ತರ್ಲಮ್ಮ?"

ಟೊಮ್ಯಾಟೊ ಮಾತೇ ಇಲ್ಲ. ಈ ಪ್ರಶ್ನೆಗಾಗಿ ನಾನು ಬೆಳಗಿನಿಂದ ಜೀವ ಹಿಡಿದುಕೊಂಡಿದ್ದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ಕೋಲಾರದ ಆ ತುಂಬಿದ ಮಾರುಕಟ್ಟೆಯಲ್ಲಿ ಎಲ್ಲಾದರೂ ಒಬ್ಬ ಕುರಿಯಮ್ಮ ಸಿಗುತ್ತಾಳೇನೋ ಎಂದು ಅತ್ತಿತ್ತ ನೋಡತೊಡಗಿದೆ.