ಬಾಲದಲ್ಲೊಂದು ‘ಎ’

ತಪ್ಪು ಯಾವಾಗಲೂ ಬೇರೆ ಊರಿನಲ್ಲೇ ಆಗಿರುತ್ತದೆ ಎಂದು ನಂಬುವವರಲ್ಲಿ ನಾನೂ ಒಬ್ಬ. ಗೋಕಾಕದ ಬೀಜದಂಗಡಿಯ ಗುಮಾಸ್ತನಾದ ನನಗೆ ಆ ಬೇರೆ ಊರು ಹುಕ್ಕೇರಿ. ಅಲ್ಲಿದ್ದ ನಮ್ಮ ಇನ್ನೊಂದು ಅಂಗಡಿಯನ್ನು ಜೈತುನಬಿ ಎಂಬವರು ನೋಡಿಕೊಳ್ಳುತ್ತಿದ್ದರು. ಇಂಟರ್‌ನೆಟ್ ಆಗಷ್ಟೇ ನಮ್ಮ ಕಡೆ ಬಂದಿತ್ತು. ಅದರ ಮೇಲೆಯೇ ಫೋನು ಮಾಡಬಹುದೆಂದು ಮಾಲಕರ ಬೆನ್ನು ಹತ್ತಿ ಅಂಗಡಿಗೊಂದರಂತೆ ಎರಡು ಪೆಟ್ಟಿಗೆ ತರಿಸಿದವನು ನಾನೇ. ಅವೂ ಬೇರೆ ಬೇರೆ ಕಂಪನಿಯವು. ಒಂದೇ ಕಂಪನಿಯವನ್ನು ಯಾಕೆ ತರಲಿಲ್ಲ ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ಯಾವುದು ಚಲೋ ಎಂದು ಪರೀಕ್ಷಿಸುವ ನನ್ನ ಜಾಣತನ ಅವಳಿಗೆ ತಿಳಿಯುವುದಿಲ್ಲ.

ಇಲ್ಲಿ ಗುಂಡಿ ಒತ್ತಿದರೆ ಹುಕ್ಕೇರಿಯಲ್ಲಿ ಗಂಟೆ ಬಾರಿಸುತ್ತಿತ್ತು. ಜೈತುನಬಿ ಎತ್ತಿದ ಕೂಡಲೇ ಕಟ್. ಆಗ ನಾನು ಹಳೆಯ ಫೋನಿನಿಂದ ಮಾಡಿ, “ನೀವು ಬರೋಬ್ಬರಿ ಎತ್ತಾಕತ್ತಿಲ್ರಿ ಅಕ್ಕಾರ” ಎನ್ನುತ್ತಿದ್ದೆ.

“ಎತ್ತೂದ್ರಾಗ ಬರೋಬ್ಬರಿ ಏನ್ ಬಂತ್ರಿ ಅಣ್ಣಾರ? ಕೈಲೆ ಎತ್ತಾಕತ್ತೇನಿ.”

ಮಾಲಕರು ಎಂಟು ದಿನ ನೋಡಿ, “ಶನಿವಾರ ಫೋನ್ ಹತ್ತಲಿಲ್ಲಂದ್ರ ಎರಡೂ ಪೆಟ್ಟಿಗಿ ವಾಪಸ್” ಎಂದರು. ಮಾನದ ಪ್ರಶ್ನೆ. ನಾನು ಹಠ ಹಿಡಿದೆ. ವೈರು ಬದಲಿಸಿದೆ, ಮೇಜು ಸರಿಸಿದೆ, ಒಮ್ಮೆ ಚಪ್ಪಲಿ ಕಳಚಿಟ್ಟೂ ಗುಂಡಿ ಒತ್ತಿದೆ. ಕಡೆಗೆ, ಮಾತಿಗೆ ಮುಂಚೆ ಪೆಟ್ಟಿಗೆಗಳು ಒಂದಕ್ಕೊಂದು ಬರೆದುಕೊಳ್ಳುವ ಒಕ್ಕಣೆಯನ್ನು ಕಾಗದದ ಮೇಲೆ ಮುದ್ರಿಸಿ ಓದಿದೆ. ನಮ್ಮದರಲ್ಲಿ ದೋಷ ಕಾಣಲಿಲ್ಲ. ಅಂದಮೇಲೆ ದೋಷ ಹುಕ್ಕೇರಿಯದೇ! ಶುಕ್ರವಾರ ಬಸ್ಸು ಹತ್ತಿದೆ.

ಜೈತುನಬಿ ನನ್ನ ಕಾಗದವನ್ನೂ ಅಲ್ಲೇ ಮುದ್ರಿಸಿದ ತಮ್ಮ ಪೆಟ್ಟಿಗೆಯ ಕಾಗದವನ್ನೂ ಬೀಜದ ಚೀಲದ ಮೇಲೆ ಹರಡಿ, ಸಾಲುಸಾಲಿಗೂ ಬೆರಳಿಟ್ಟು ನೋಡಿದರು.

“ಇಲ್ನೋಡ್ರಿ. ನಂದು ‘ಜಿ೭೨೯’ ಐತಿ. ನಿಮ್ಮದಕ್ಕ ಬಾಲದಾಗ ಒಂದ್ ‘ಎ’ ಐತಿ.”

“ದನೀನ ಹಿಂಡಿ ಸಣ್ಣ ಗಂಟು ಮಾಡಿ ಕಳಸೂ ಪದ್ಧತಿ ಹೆಸರ್ರಿ ಅದು. ಎರಡೂ ಒಂದ.”

“ನಿಮಗ ಒಂದ. ಪೆಟ್ಟಿಗಿಗೆ ಗೊತ್ತಾಗಬೇಕಲ್ರಿ? ಚೀಲದ ಮ್ಯಾಲಿನ ತಳಿ ಹೆಸರಿನ್ಯಾಗ ಒಂದಕ್ಷರ ಫರಕಾದ್ರ ನಾನೂ ಇಳಿಸ್ಕೊಳ್ಳಾಂಗಿಲ್ಲ.”

ಅಲ್ಲೇ ಕಂಪ್ಯೂಟರಿನಲ್ಲಿ ಹುಡುಕಿದೆ. ಇಂಥ ಪದ್ಧತಿಗಳಿಗೆಲ್ಲ ಇಂಥದೇ ಹೆಸರು ಬರೆಯತಕ್ಕದ್ದೆಂದು ಬಲ್ಲವರು ಸೇರಿ ಜಗತ್ತಿಗೇ ಒಂದು ಪಟ್ಟಿ ಮಾಡಿಟ್ಟಿದ್ದರು. ಅದರಲ್ಲಿ ಇದ್ದದ್ದು ಬರೀ ‘ಜಿ೭೨೯’. ‘ಎ’ ನಮ್ಮ ಪೆಟ್ಟಿಗೆ ಮಾಡಿದವರ ಉತ್ಸಾಹ. ತಪ್ಪು ಗೋಕಾಕದ್ದೇ. ವಾಪಸು ಬರುವಾಗ ಬಸ್ಸು ಘೋಡಗೇರಿ ದಾಟುವವರೆಗೂ ನಾನು ಪಕ್ಕದವನ ಮುಖ ನೋಡಲಿಲ್ಲ. ಅವನಿಗೆ ಇದೇನೂ ಗೊತ್ತಿರಲಿಲ್ಲ, ಆದರೂ.

ಶನಿವಾರ ಬೆಳಿಗ್ಗೆ ನಮ್ಮ ಪೆಟ್ಟಿಗೆಯ ಒಕ್ಕಣೆಯಿಂದ ಆ ಒಂದಕ್ಷರ ಅಳಿಸಿ, ಮಾಲಕರ ಎದುರೇ ಗುಂಡಿ ಒತ್ತಿದೆ. ಗಂಟೆ ಬಾರಿಸಿತು. ಎತ್ತಿದರು. ಕಟ್ಟಾಗಲಿಲ್ಲ.

“ಕೇಳಾಕತ್ತೈತ್ರಿ ಅಣ್ಣಾರ,” ಬಾಜೂ ಕೋಣೆಯಿಂದ ಬಂದಂಥ ದನಿ. “ಮಾತಾಡ್ರಿ.”

ಅಷ್ಟು ದಿನ ಇದಕ್ಕಾಗಿಯೇ ಹೋರಾಡಿದ್ದ ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

“ಊಟ ಆತೇನ್ರಿ?” ಎಂದೆ.

“ಈಗಿನ್ನ ಹತ್ತ ಗಂಟೆರಿ. ಮಾಲಕರ ಕೈಯಾಗ ಕೊಡ್ರಿ, ಗೋವಿನಜೋಳದ ಬೀಜ ಮುಗದಾವು.”

ಕೊಟ್ಟೆ.