ಚಿಂದಿಗೆ ಬಂದ ಬರ

ಬೆಳಿಗ್ಗೆ ಅಂಗಡಿ ತೆಗೆದ ಟೈಲರ್ ಚಿಂದಿ ಮೂಟೆಗೆ ಕೈ ಹಾಕಿದ. ಕೈ ನೇರ ತಳಕ್ಕೆ ತಾಗಿತು. ಒಳಗೆ ಕನ್ನಡಕ ಒರೆಸುವಷ್ಟು ಬಟ್ಟೆಯೂ ಇರಲಿಲ್ಲ. 

ಚಿಂದಿ ಇಲ್ಲವೆಂದು ಎದೆ ಒಡೆದುಕೊಳ್ಳುವ ಟೈಲರ್ ಲೋಕದಲ್ಲಿ ಇನ್ನೊಬ್ಬನಿರಲಾರ. ಆದರೆ ಸಣ್ಣ ಉದ್ದಿಮೆಗಳ ಸಂಘದ ಮೇಡಂ ಬೀದಿಗೆ ಕಾಲಿಟ್ಟ ಮೇಲೆ ಎಲ್ಲವೂ ತಲೆಕೆಳಗಾಗಿತ್ತು. "ಯಾವುದನ್ನೂ ಎಸೀಬೇಡಿ. ನಿಮ್ಮಲ್ಲಿ ಉಳಿದದ್ದು ಪಕ್ಕದವರಿಗೆ ಬೇಕಾಗಿರತ್ತೆ" ಎಂದು ಆಕೆ ಅಂಗಡಿ ಅಂಗಡಿಗೂ ಹೇಳಿದ್ದರು. ಅಂದಿನಿಂದ ಟೈಲರ್‌ನ ಚಿಂದಿ ಮಹಡಿಯ ಮೇಲಿನ ಅಕ್ಕನ ಕೈಸೇರಿ ಕುರ್ಚಿ ದಿಂಬಾಗುತ್ತಿತ್ತು. ದಿನಾ ಮೂಟೆಗಟ್ಟಲೆ ಬೀಳುತ್ತದೆಂದು ಅವನು ಸಂಘದ ಸಭೆಯಲ್ಲಿ ಕೊಚ್ಚಿಕೊಂಡೂ ಇದ್ದ.

ಇವತ್ತು ಮಧ್ಯಾಹ್ನ ಮೇಡಂ ಆಸ್ಪತ್ರೆಯ ಖರೀದಿ ಅಧಿಕಾರಿಯನ್ನು ಕರೆತರುವವರಿದ್ದರು. ಅವರು ಬರುವುದು ತನ್ನ ಚಿಂದಿ ಮೂಟೆ ನೋಡಲೆಂದೇ ಟೈಲರ್ ನಂಬಿದ್ದ. ಅವರು ಒಪ್ಪಿದರೆ ವರ್ಷವಿಡೀ ಏಪ್ರನ್ ಹೊಲಿಯುವ ಕೆಲಸ. ಒಪ್ಪದಿದ್ದರೆ ಅರ್ಧ ಯಂತ್ರಗಳಿಗೆ ಮುಸುಕು ಹಾಕಿ ಹೊಲಿಯುವವರನ್ನು ಮನೆಗೆ ಕಳಿಸಬೇಕು.

"ಚಿಂದಿ ಎಲ್ಲಿ ಮಾಸ್ಟ್ರೇ?"

ಕಟಿಂಗ್ ಮಾಸ್ಟರ್ ಹೆಮ್ಮೆಯಿಂದ ಕತ್ತರಿ ಒರೆಸಿದ. "ಬಿದ್ರೆ ತಾನೆ ಅಣ್ಣಾ? ಮೇಡಂ ಕ್ಲಾಸಲ್ಲಿ ಕಲಿತ ಹಾಗೆ ತೋಳಿನ ಸಂದೀಲಿ ಜೇಬು, ಜೇಬಿನ ಸಂದೀಲಿ ಕಾಲರ್ ಕೂರಿಸ್ದೆ. ನಿನ್ನೆ ಚೂರೂ ಬಿದ್ದಿಲ್ಲ."

"ಮನೆ ಹಾಳು ಮಾಡ್ದೆ" ಎಂದ ಟೈಲರ್. ಹೊಗಳಿಕೆ ನಿರೀಕ್ಷಿಸಿದ್ದ ಮಾಸ್ಟರ್ ಮುಖ ಊದಿಸಿಕೊಂಡು ಚಹಾ ಕುಡಿಯಲು ಹೋದ.

ಟೈಲರ್ ಮಹಡಿ ಹತ್ತಿದ. "ಅಕ್ಕಾ, ಮೊನ್ನೆ ಕೊಟ್ಟ ಚಿಂದಿ ಒಂದ್ಸಲ ವಾಪಸ್ ಕೊಡು."

"ದಿಂಬಿನೊಳಗೆ ಹೋಗಿದ್ದು ಹೊಟ್ಟೆಯೊಳಗೆ ಹೋದ ಹಾಗೆ ಕಣೋ. ಒಂದು ಹೊಲಿಗೆ ಬಿಚ್ಚು, ಕೈ ಮುರೀತೀನಿ."

ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಇಸ್ತ್ರಿಯವನು ಬೆನ್ನು ಸುಟ್ಟ ಅಂಗಿ ತಂದ. "ಗಿರಾಕಿಗಿನ್ನೂ ಹೇಳಿಲ್ಲ. ಬೇಗ ಚೂರು ಮಾಡಿಬಿಡಿ, ನನಗೂ ಅನುಕೂಲ." ಕೊಡೆ ರಿಪೇರಿಯವನು ಹಳೇ ಕೊಡೆ ಬಟ್ಟೆಯ ಮೂಟೆ ಹೊತ್ತು ಬಂದ. ಆಸ್ಪತ್ರೆಯವರಿಗೆ ಇಷ್ಟೊಂದು ಕಪ್ಪು ಬಟ್ಟೆ ತೋರಿಸಲು ಟೈಲರ್‌ಗೆ ಧೈರ್ಯ ಸಾಲಲಿಲ್ಲ. ಕ್ಷೌರದಂಗಡಿಯವನ ಮೂಟೆಯಲ್ಲಿ ಕೂದಲಿತ್ತು.

"ಮೆತ್ತಗಿದೆ. ಬಿಟ್ಟಿ ತಗೊಳ್ಳಿ" ಎಂದ ಅವನು.

ಕೊಡೆಯವನು ತಲೆ ಕೆರೆದುಕೊಂಡ. "ಅಷ್ಟಕ್ಕೂ ಚಿಂದಿ ಅಂದ್ರೇನು? ಕತ್ತರಿಸಿದ ಬಟ್ಟೆ. ನಿನ್ನ ಹತ್ರ ಬಟ್ಟೆನೂ ಇದೆ, ಕತ್ತರಿನೂ ಇದೆ."

ಏಪ್ರನ್ ಮಾದರಿಗೆಂದು ತಂದಿದ್ದ ಹೊಸ ಬಿಳಿ ಬಟ್ಟೆಯ ಥಾನು ಕಪಾಟಿನಲ್ಲಿತ್ತು. ಟೈಲರ್ ಕಣ್ಣುಮುಚ್ಚಿ ಕತ್ತರಿ ಆಡಿಸಿದ. ಚಹಾ ಮುಗಿಸಿ ಬಂದ ಮಾಸ್ಟರ್ ಹೊಸ್ತಿಲಲ್ಲೇ ಗೋಡೆ ಹಿಡಿದು ನಿಂತುಬಿಟ್ಟ.

"ಅಣ್ಣಾ, ಹೊಸ ಬಟ್ಟೆ."

"ಸುಮ್ನೆ ತುಂಬು."

ಮಧ್ಯಾಹ್ನ ಅಧಿಕಾರಿ ಬಂದರು. ಮೂಟೆ ಬಾಯಿ ಕಟ್ಟಲಾರದಷ್ಟು ತುಂಬಿತ್ತು. ಅವರು ಒಂದು ಹಿಡಿ ತೆಗೆದು ನೋಡಿ ಕೇಳಿದರು, "ಇದು ಎಷ್ಟು ದಿನದ್ದು?"

"ಇವತ್ತು ಬೆಳಿಗ್ಗೆದು ಸಾರ್" ಎಂದು ಟೈಲರ್ ಎದೆಯುಬ್ಬಿಸಿದ. "ಸಂಜೆದು ಇನ್ನೂ ಬರ್ಬೇಕು."

ಮೇಡಂ ಹಣೆ ಹಿಡಿದುಕೊಂಡರು.

"ಚಿಂದಿ ಬೇಕಾದ್ರೆ ಯಾವ ಅಂಗಡೀಲಾದ್ರೂ ಸಿಗತ್ತೆ" ಎಂದರು ಅಧಿಕಾರಿ. "ಚೂರೂ ಬೀಳದ ಹಾಗೆ ಕತ್ತರಿಸೋರು ಇಲ್ಲೊಬ್ರು ಇದಾರೆ ಅಂದ್ರು ಮೇಡಂ. ಅದನ್ನ ನೋಡೋಕೆ ಬಂದೆ."

ಟೈಲರ್‌ಗೆ ಮೂಟೆಯೊಳಗೆ ಅಡಗಿ ಕೂರೋಣವೆನ್ನಿಸಿತು. ಅದರಲ್ಲೂ ಜಾಗವಿರಲಿಲ್ಲ.

ಪುಣ್ಯಕ್ಕೆ ಥಾನಿನ ತುದಿ ಒಂದಿಷ್ಟು ಉಳಿದಿತ್ತು. ಮಾಸ್ಟರ್ ಅದನ್ನು ಹಾಸಿ ಗುರುತು ಹಾಕಿ ಕತ್ತರಿಸಿದ. ಮೇಜಿನ ಮೇಲೆ ಏಪ್ರನ್ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅಧಿಕಾರಿಯ ಮುಖದ ಬಿಗಿ ಸಡಿಲವಾಯಿತು.

"ಮುಂದಿನ ತಿಂಗಳು ಹೇಳದೆ ಬರ್ತೀನಿ. ಈ ಮೂಟೆ ಖಾಲಿ ಇದ್ರೆ ಏಪ್ರನ್ ಕೆಲಸ ನಿಮ್ಗೇ."

ಟೈಲರ್‌ಗೆ ಹೋದ ಜೀವ ಬಂತು. ಯಂತ್ರಗಳತ್ತ ನೋಡಿದಾಗ ಅವನ ಕಣ್ಣು ತುಂಬಿತು. ಆಗಲೇ ಅಕ್ಕ ದಿಂಬೊಂದನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದು, ಅದನ್ನು ಕುರ್ಚಿಗೆ ಹಾಕಿ ಅಧಿಕಾರಿಗೆ ಕೊಟ್ಟಳು. ಕೂತವರು ಏಳಲು ಮನಸ್ಸಿಲ್ಲದೆ ಎರಡು ಸಲ ಹೊರಳಿದರು.

"ನಮ್ಮ ಆಸ್ಪತ್ರೆ ಬೆಂಚುಗಳಿಗೆಲ್ಲ ಇಂಥದ್ದೇ ಬೇಕು. ಅಷ್ಟಕ್ಕೆ ಚಿಂದಿ ಸಿಗತ್ತಾ?"

"ಯಾಕ್ ಸಿಗಲ್ಲ ಸಾರ್? ನನ್ನ ತಮ್ಮ ಇದಾನಲ್ಲ" ಎಂದಳು ಅಕ್ಕ. "ಬೆಳಿಗ್ಗೆ ಒಂದಕ್ಕೇ ಮೂಟೆ ತುಂಬತ್ತೆ ಅಂತ ಅವನೇ ಹೇಳಿದ್ದು ಮಹಡಿಗೂ ಕೇಳಿಸ್ತು. ಅವನು ಕೊಡ್ತಾನೆ, ಬರ್ಕೊಳ್ಳಿ."

ಅವರು ಬರೆದುಕೊಂಡರು.

ಅಧಿಕಾರಿ ಬೀದಿ ದಾಟಿದ್ದೇ ತಡ, ಟೈಲರ್ ಕೊಡೆಯವನಲ್ಲಿಗೆ ಓಡಿದ. ಕೊಡೆಯವನು ತನ್ನ ಮೂಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ.

"ಬೆಳಿಗ್ಗೆ ಕೊಡ್ತೀನಿ ಅಂದ್ಯಲ್ಲ, ಆ ಬಟ್ಟೆ..."

"ಬೆಳಿಗ್ಗೆ ಅದು ಕಸ ಆಗಿತ್ತು. ಈಗ ಸರಕು. ಕಿಲೋಗೆ ಏನ್ ಕೊಡ್ತೀಯ ಹೇಳು."

ಇಸ್ತ್ರಿಯವನೂ ಸುಟ್ಟ ಅಂಗಿಯನ್ನು ಮಡಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಈ ಬೀದಿಯವರು ಇಷ್ಟು ಬೇಗ ಪಾಠ ಕಲಿತದ್ದನ್ನು ಕಂಡು ಮೇಡಂಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಟೈಲರ್ ತಲೆ ತಗ್ಗಿಸಿ ವಾಪಸ್ಸಾದ. ಅವನ ಅಂಗಡಿಯ ಮೆಟ್ಟಿಲ ಮೇಲೆ, ಬಿಟ್ಟಿಯಾಗಿ ಉಳಿದಿದ್ದ ಕೂದಲಿನ ಮೂಟೆ ಕಾಯುತ್ತಿತ್ತು.